ವಿವರ ಮಾತ್ರ

ಈ ಕೋಣೆಗೆ ಕಿಟಕಿಯಿಲ್ಲ.
ಹೊರಗೆ ಫ್ಲಾರಿಡಾದ ಬಿಸಿಲು,
ಪೆಲಿಕನ್ನುಗಳು ಕೊಲ್ಲಿಗೆ ಧುಮುಕುವ ಹೊತ್ತು;
ಒಳಗೆ ಒಂದು ದೀಪ, ಅಂಗೈಯಗಲ ಕರಿ ಮಖಮಲ್ಲು, ಒಂದು ಭೂತಗನ್ನಡಿ,
ಮತ್ತೆ ನಾನು, ಆರ್ವಿಲ್ ಟ್ಯಾಕೆಟ್.
ಮಾರುವವನೂ ಅಲ್ಲ, ಕೊಳ್ಳುವವನೂ ಅಲ್ಲ,
ಇಬ್ಬರ ಅಪನಂಬಿಕೆಯ ನಡುವೆ
ಸಂಬಳಕ್ಕೆ ಕೂತ ಮೂರನೆಯವನು.

ಅಂಚು ಹಿಡಿದು ಎತ್ತು. ವಾಲಿಸು. ಬೆಳಕು ಹರಿಯಲಿ.
ಹನ್ನೆರಡು ಸೆಕೆಂಡು.
ಒಂದರಿಂದ ಎಪ್ಪತ್ತರೊಳಗೆ ಒಂದು ಅಂಕಿ.

ಅರವತ್ತು ದಾಟಿದವು ಸಂತೆ ಕಂಡವಲ್ಲ.
ಒಂದು ರೊಟ್ಟಿ ಕೊಂಡಿಲ್ಲ, ಒಂದು ಸಾಲ ತೀರಿಸಿಲ್ಲ,
ಯಾರ ಬೆವರೂ ತಾಗಿಲ್ಲ.
ಟಂಕಸಾಲೆಯ ಚೀಲದಲ್ಲೇ ನೂರು ವರ್ಷ ಮಲಗಿದ್ದಕ್ಕೆ
ನಾವು ಮೇಲಿನ ಅಂಕ ಕೊಡುತ್ತೇವೆ.
ಕೈಯಿಂದ ಕೈಗೆ ಓಡಾಡಿ, ಮುಖ ಸವೆದು,
ಊರಿಗೆಲ್ಲ ಉಪ್ಪು ತಂದುಕೊಟ್ಟ ನಾಣ್ಯಕ್ಕೆ
ನಾಲ್ಕೋ, ಆರೋ.
ಇದರಲ್ಲಿ ನೀತಿ ಹುಡುಕಬೇಡಿ. ಮಾರುಕಟ್ಟೆ ಅಷ್ಟೆ.

ಒಂದು ಮಾತು ಒಪ್ಪಿಕೊಳ್ಳಬೇಕು.
ಮಾರ್ಚಿಯಲ್ಲಿ ಒಂದು ಬೆಳ್ಳಿ ಡಾಲರು ಬಂತು,
ಸ್ತ್ರೀಮುಖದ ಕಿವಿಯ ಹಿಂದೆ ಅಲ್ಪವಿರಾಮದಂಥ ಗೀರು.
ಅರವತ್ತನಾಲ್ಕು ಅಂದೆ.
ಅಕ್ಟೋಬರಿನಲ್ಲಿ ಅದೇ ಗೀರು, ಅದೇ ಕಿವಿ:
ಯಾರೋ ಪ್ಲಾಸ್ಟಿಕ್ ಪೆಟ್ಟಿಗೆ ಒಡೆದು
ಅದೃಷ್ಟ ನೋಡೋಣವೆಂದು ಮತ್ತೆ ಕಳಿಸಿದ್ದರು.
ಅರವತ್ತೈದು ಅಂದೆ.
ಹೇಳಿದ ಮೇಲೆ ಗುರುತು ಸಿಕ್ಕಿತು.
ಬೆಳ್ಳಿ ಬದಲಾಗಿರಲಿಲ್ಲ. ನಾನು ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದೆ.
ಆ ಒಂದು ಅಂಕಿಯ ಬೆಲೆ ನನ್ನ ಎರಡು ತಿಂಗಳ ಬಾಡಿಗೆ.
ಒರೆಗಲ್ಲಿಗೂ ಒಂದು ಒರೆಗಲ್ಲು ಬೇಕು ಅಂತ
ಪಕ್ಕದ ಮೇಜಿನ ರೊಸಾಲಿಂಡ್‌ಗೆ ಹೇಳಿದೆ.
ಅವಳು ಸ್ಯಾಂಡ್‌ವಿಚ್ ಬಿಚ್ಚುತ್ತಿದ್ದಳು,
"ಅದಕ್ಕೇ ಅಲ್ಲವಾ ನಾವು ಮೂವರಿರೋದು?"

ನಿನ್ನೆ ಒಂದು ಬಂತು.
ಕಾರ್ಸನ್ ಸಿಟಿ, ೧೮೮೨.
ಕೂದಲಿನ ಎಳೆ ಎಳೆಯೂ ನಿಂತಿದೆ,
ಹದ್ದಿನ ಎದೆಯ ಗರಿ ಒಂದೂ ಸವೆದಿಲ್ಲ.
ವಾಲಿಸಿದೆ.
ಗಾಲಿಯಂತೆ ತಿರುಗಬೇಕಿದ್ದ ಹೊಳಪು ತಿರುಗಲಿಲ್ಲ;
ಸತ್ತ ಮೀನಿನ ಕಣ್ಣಿನ ಹಾಗೆ
ಎಲ್ಲ ಕಡೆಗೂ ಒಂದೇ ಸಮ ಬೆಳ್ಳಗೆ ನೋಡಿತು.
ಕೆನ್ನೆಯ ಮೇಲೆ ಕೂದಲೆಳೆ ಗೀರುಗಳು, ಸುತ್ತು ಸುತ್ತು,
ಎಡಗೈಯವರು ತಿಕ್ಕುವ ಸುತ್ತು.
ಗೀರು ಹೊಸದು. ವಾರವೂ ಆಗಿರಲಿಕ್ಕಿಲ್ಲ.

ಚೀಲದಲ್ಲಿ ಒಂದು ಚೀಟಿ ಉಳಿದುಬಿಟ್ಟಿತ್ತು.
ಉಳಿಯಬಾರದು. ಯಾರ ನಾಣ್ಯವೆಂದು ನಮಗೆ ತಿಳಿಯಬಾರದು;
ಕೆಳಗಿನ ಮಹಡಿಯ ಹುಡುಗಿ ತೆಗೆಯಲು ಮರೆತಿದ್ದಳು.
ಓದಬಾರದು. ಓದಿದೆ.
ಎಡಕ್ಕೆ ವಾಲಿದ ಅಕ್ಷರ:

"ಮಾನ್ಯರೇ, ನಾನು ಡೆನೀಸ್ ಅರಂಬೆಲ್, ನೆವಾಡಾದ ಎಲ್ಕೊ.
ನಮ್ಮಜ್ಜ ಬಾಸ್ಕ್ ನಾಡಿನಿಂದ ಕುರಿ ಕಾಯಲು ಬಂದವನು.
ಇದು ಅವನ ಮೊದಲ ಕೂಲಿ.
ಹಸಿವಾದರೂ ಖರ್ಚು ಮಾಡಲಿಲ್ಲ, ಉಣ್ಣೆಯಲ್ಲಿ ಸುತ್ತಿ ಇಟ್ಟ.
ಅಪ್ಪನೂ ಬಿಚ್ಚಲಿಲ್ಲ.
ನನಗೆ ಹಲ್ಲು ಕಟ್ಟಿಸಬೇಕಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ.
ತುಂಬ ಕಪ್ಪಾಗಿತ್ತು, ಅಂಚಿನಲ್ಲಿ ನೀಲಿ, ಕೆಂಪು ಕಲೆ ಬೇರೆ.
ದೊಡ್ಡವರ ಕೈಗೆ ಹಾಗೇ ಕೊಡುವುದು ಹೇಗೆಂದು
ಸೋಡಾಪುಡಿ ಹಾಕಿ, ಹೊಸ ಹಲ್ಲುಜ್ಜುವ ಬ್ರಷ್ಷಿನಲ್ಲಿ
ನಾನೇ ತಿಕ್ಕಿ ಕಳಿಸಿದ್ದೇನೆ."

ಆ ನೀಲಿ, ಆ ಕೆಂಪು.
ಉಣ್ಣೆಯ ಗಂಧಕ ನೂರು ವರ್ಷ ಕೂತು ಬರೆದದ್ದು.
ಹರಾಜಿನಲ್ಲಿ ಜನ ಅದಕ್ಕಾಗಿಯೇ ಕೈ ಎತ್ತುತ್ತಾರೆ.
ಅರವತ್ತಾರು ಅನ್ನುತ್ತಿದ್ದೆನೇನೋ.
ಚೆನ್ನಾಗಿ ನಿದ್ದೆ ಮಾಡಿದ್ದರೆ, ಅರವತ್ತೇಳು.

ತೊಳೆದದ್ದಕ್ಕೆ ಅಂಕಿಯಿಲ್ಲ.
ಕೀಲಿಮಣೆಯಲ್ಲಿ ಅದಕ್ಕೊಂದು ಸಂಕೇತವಿದೆ, ಒತ್ತಿದೆ.
ಯಂತ್ರ ಕಿವಿಗೆ ನಿಲುಕದ ದನಿಯಲ್ಲಿ ಪೆಟ್ಟಿಗೆಯನ್ನು ಬೆಸೆದು ಮುಚ್ಚುತ್ತದೆ;
ಒಳಗಿನ ಚೀಟಿ ಹೇಳುತ್ತದೆ: ಅಸಲಿ. ವಿವರ ಮಾತ್ರ. ತೊಳೆದಿದೆ.
ಮೂರೂ ನಿಜ.
"ಮೊನ್ನೆಯವರೆಗೆ" ಅಂತ ಬರೆಯಲು ಅದರಲ್ಲಿ ಜಾಗವಿಲ್ಲ,
ಇದ್ದಿದ್ದರೂ ನಾನು ಬರೆಯುವವನಲ್ಲ.

ಅವಳ ಕಾಗದವನ್ನು ಮಡಿಕೆ ತಪ್ಪದಂತೆ ಮಡಿಸಿ
ಇದ್ದಲ್ಲೇ ಇಟ್ಟೆ.
ನಾಲಗೆ ಸುಮ್ಮನೆ ಹೋಗಿ
ನನ್ನ ಮುರಿದ ದವಡೆಹಲ್ಲನ್ನು ಮುಟ್ಟಿ ಬಂತು.
ನಲವತ್ತು ಸೆಕೆಂಡು ಆಗಿತ್ತು.
ರೊಸಾಲಿಂಡ್ ಕೆಮ್ಮಿದಳು.
ಅಂಚು ಹಿಡಿದು ಮುಂದಿನದನ್ನು ಎತ್ತಿದೆ.