ರಸೀದಿ ನಂಬರು ನೂರಾ ಹದಿನೇಳು

ಹೊಳೆ ಇಳಿದ ಮೇಲೆ ಶಾಲೆಯಲ್ಲಿ ಉಳಿದದ್ದು
ಎರಡು ಗೋಡೆ, ಒಂದು ಬಾಗಿಲು,
ಬಾಗಿಲಿಗೆ ಹಾಕಿದ ಬೀಗ.
ಬೀಗದ ಕೈ ಹೆಡ್‌ಮಾಸ್ತರ ಜೇಬಿನಲ್ಲಿ ಭದ್ರವಾಗಿತ್ತು.

ಹರಿಹರದಾಚೆಯ ಆ ಊರಿಗಾಗಿ
ದಾವಣಗೆರೆ ಬೀದಿ ತಿರುಗಿದೆವು, ಆರು ಜನ,
ಮುಚ್ಚಳ ಸೀಳಿದ ಡಾಲ್ಡಾ ಡಬ್ಬಿ,
ಸೀಲು ತುಸು ಓರೆ ಬಿದ್ದ ರಸೀದಿ ಪುಸ್ತಕ.

ಮಂಡಿಪೇಟೆಯಲ್ಲಿ ನಾಳೆ ಬನ್ನಿ ಅಂದರು.
ನಾಳೆ ಹೋದೆವು. ಸಾಹುಕಾರ್ರು ಊಟಕ್ಕೆ ಹೋಗಿದಾರೆ.
ಆ ಊಟ ಇನ್ನೂ ಮುಗಿದಿಲ್ಲ.
ದೋಸೆ ಹೋಟೆಲಿನವರು ಕೊಟ್ಟ ನೋಟು
ಬೆಣ್ಣೆಯಲ್ಲಿ ಬೆರಳಿಗಂಟಿ
ಡಬ್ಬಿಗಿಳಿಯಲು ಒಲ್ಲೆ ಅಂತು,
ತಿಪ್ಪೇಶಿ ಕಡ್ಡಿಯಲ್ಲಿ ತುರುಕಿದ.

ನಾಲ್ಕನೇ ದಿನ ಮಂಡಕ್ಕಿ ಭಟ್ಟಿ.
ಹೊಗೆ ಕುಡಿದ ತಗಡು, ಕಾದ ಮರಳಲ್ಲಿ ಚಟಪಟ ಅಕ್ಕಿ,
ಎದುರಿಗೆ ಜೈತುನ್‌ಬಿ, ಹುಬ್ಬಿನ ತುಂಬ ಹೊಟ್ಟು.
ನಮ್ಮ ಭಾಷಣ ಅರ್ಧಕ್ಕೇ ತಡೆದು ಕೇಳಿದಳು:
"ಒಂದ್ ಇಟ್ಟಿಗಿ ಎಷ್ಟು?"

ಮುಖ ಮುಖ ನೋಡಿಕೊಂಡೆವು.
ಅಂದಾಜುಪಟ್ಟಿ ಬಾಯಿಪಾಠ,
ಹನ್ನೊಂದು ಲಕ್ಷ ನಲವತ್ತು ಸಾವಿರ,
ಇಟ್ಟಿಗೆ ಮಾತ್ರ ಗೊತ್ತಿಲ್ಲ.
ಗುರುಬಸಮ್ಮ ಗೌಂಡಿ ತಮ್ಮನಿಗೆ ಫೋನು ಹಚ್ಚಿದಳು.
ಒಂಬತ್ತು ರೂಪಾಯಿ.

"ಹಂಗಾದ್ರೆ ನಂದು ನಾಕು ಬರ್ಕಳ್ರಿ.
ಕಿಟಕಿ ಕೆಳಗೆ ಹಾಕ್ರಿ, ಮೇಲೆ ಬ್ಯಾಡ.
ಪಾಠ ಬ್ಯಾಸರಾದ ಹುಡುಗ್ರು
ಮೊಣಕೈ ಊರಿ ಹೊರಗೆ ನೋಡ್ತಾವಲ್ಲ, ಅಲ್ಲಿ."
ಸೆರಗಿನ ಗಂಟು ಬಿಚ್ಚಿ ಎಣಿಸಿದಳು.
ಇನ್ನೊಮ್ಮೆ ಎಣಿಸಿದಳು.
ಮೂವತ್ತೈದು.

ನಾನು ನಾಲ್ಕು ಇಟ್ಟಿಗೆ ಎಂದೇ ಬರೆದು
ಮೂವತ್ತಾರಕ್ಕೆ ರಸೀದಿ ಹರಿದೆ.
ಅವಳು ಓದಲಿಲ್ಲ, ಮಡಿಸಿ ಎಲೆಅಡಿಕೆ ಚೀಲಕ್ಕೆ ಹಾಕಿದಳು.

ರಾತ್ರಿ ಹಾಲೇಶಪ್ಪನವರ ಪಡಸಾಲೆಯಲ್ಲಿ ಲೆಕ್ಕ.
ಮೂವತ್ತೆರಡು ವರ್ಷ ಬ್ಯಾಂಕಿನ ಗಲ್ಲಾದಲ್ಲಿ ಕೂತ ಕಣ್ಣು.
"ಒಂದು ರೂಪಾಯಿ ಎಲ್ಲಿ?"
ನನ್ನ ಜೇಬಿನಲ್ಲಿತ್ತು. ಹಾಕಬಹುದಿತ್ತು.
ಹಾಕಿದ್ದರೆ ಆ ನಾಲ್ಕನೆಯದರಲ್ಲಿ
ಒಂಬತ್ತರಲ್ಲೊಂದು ಪಾಲು ನನ್ನದಾಗುತ್ತಿತ್ತು.
ಸುಮ್ಮನೆ ಕೂತೆ.
ಅವರು ಕೆಂಪು ಶಾಯಿಯಲ್ಲಿ ಬರೆದರು: ಕಡಿಮೆ, ರೂ. ೧.

ಶಾಲೆ ಎದ್ದಿತು. ಗಿಲಾವು ಆಯಿತು, ನೀಲಿ ಬಣ್ಣ ಆಯಿತು,
ಹೊಸ ಬಾಗಿಲಿಗೆ ಅದೇ ಹಳೇ ಬೀಗ.
ಉದ್ಘಾಟನೆಯ ದಿನ ಮೈಕು ಕಿರುಚುವಾಗ
ಹಾಲೇಶಪ್ಪ ಒಬ್ಬರೇ ಒಳಗೆ ಹೋಗಿ
ಕಿಟಕಿ ಕೆಳಗೆ ಅಂಗೈ ಆಡಿಸುತ್ತಿದ್ದರು.
"ಯಾವ ನಾಲ್ಕಪ್ಪ?"
ಗಿಲಾವು ಆಗಿದೆ ಸಾರ್, ತಿಳಿಯೋದಿಲ್ಲ, ಅಂದೆ.
ಹ್ಞೂಂ, ಅಂದರು. ಕೈ ಮಾತ್ರ ತೆಗೆಯಲಿಲ್ಲ.

ಈ ವರ್ಷದ ಜಮಾಖರ್ಚಿನಲ್ಲೂ ಅದೇ ಸಾಲು,
ಅದೇ ಕೆಂಪು.