ಗೇಟಿನಾಚೆ ಐದು ಗಿಟಾರು

ತಕ್ಕಡಿ ರಿಪೇರಿಯವನಿಗೆ ಊರೆಂದರೆ
ಬಸ್ಟ್ಯಾಂಡು, ಕಿರಾಣಿ ಸಾಲು, ಲಾಡ್ಜಿನ ಸೀಳು ಬಕೆಟ್ಟು.
ನನಗೆ ಇನ್ನೊಂದು ಬೇಕು:
ಗಿಟಾರ್ ತೂಗುಹಾಕಿದ ಒಂದು ಗೋಡೆ.
ಎಲ್ಲೇ ಇಳಿದರೂ ಸಂಜೆ ಆರರ ಮೇಲೆ ಹುಡುಕಿ ಹೊರಡುತ್ತೇನೆ.
ಕೊಳ್ಳುವುದಿಲ್ಲ. ಬರುವುದು ನಾಲ್ಕೇ ಕಾರ್ಡು,
ಅದರಲ್ಲೂ ಎಫ್ ಹಿಡಿದರೆ ಬೆಕ್ಕಿನ ಬಾಲ ತುಳಿದ ಹಾಗೆ.

ಡೈರಿಯ ಹಿಂಬದಿಗೆ ಪಟ್ಟಿ ಇದೆ.
ಗದಗ: ಗಾಜಿನ ಕಪಾಟು, ಮುಟ್ಟಗೊಡುವುದಿಲ್ಲ.
ಹೊಸಪೇಟೆ: ಹುಡುಗ ಒಳ್ಳೆಯವನು, ಮೂರನೇ ತಂತಿ ಇಲ್ಲ.
ರಾಣೆಬೆನ್ನೂರು: ಈಗ ಚಪ್ಪಲಿ ಅಂಗಡಿ,
ಮೊಳೆಗಳು ಮಾತ್ರ ಅವೇ,
ಜೋಡಿ ಜೋಡಿ ಹವಾಯಿ ಜೋತುಬಿದ್ದಿವೆ.

ದಾವಣಗೆರೆಯಲ್ಲಿ ಮೊದಲ ಆಟೋದವನು
'ಗಟಾರೇನ್ರೀ?' ಎಂದು ಮೂಗು ಹಿಡಿದು
ಪಾಲಿಕೆಯ ಕಡೆ ಕೈ ತೋರಿಸಿದ,
'ಒಡದೈತಾ?' ಎಂದು ಮರುಗಿದ ಕೂಡ.
ಎರಡನೆಯವನು ಮದುವೆ ಬ್ಯಾಂಡಿನವರ ಬಾಗಿಲಿಗೆ ಬಿಟ್ಟ,
ಅಲ್ಲಿ ಕಹಳೆಯೊಳಗೆ ಕೋಳಿ ಮಲಗಿತ್ತು.
ಕೊನೆಗೆ, ಮೆಣಸಿನಕಾಯಿ ಕರಿಯುತ್ತಿದ್ದ ಸಾವಂತ್ರವ್ವ
ಜಾಲರಿ ಎತ್ತಿ ಎಣ್ಣೆ ಸೋರಲು ಬಿಟ್ಟು
'ಆ ಟೊಂಯ್ ಟೊಂಯ್ ಪೆಟ್ಟಿಗಿ ಹೌದಲ್ಲ?
ಗೇಟ್ ದಾಟ್ರಿ, ಹಾಸಿಗಿ ಅಂಗಡ್ಯಾಗ ಅದಾವೆ' ಎಂದಳು.

ಹಾಸಿಗೆ ಅಂಗಡಿಯಲ್ಲಿ!
ಗೇಟು ಬಿದ್ದಿತ್ತು. ಗೂಡ್ಸ್ ಗಾಡಿಯ ನಲವತ್ತೊಂದು ಡಬ್ಬಿ ಎಣಿಸಿದೆ,
ನಡುವೆ ಒಮ್ಮೆ ಲೆಕ್ಕ ತಪ್ಪಿ, ಅಂದಾಜಿಗೆ ಮುಂದುವರಿಸಿ.

ಬೋರ್ಡಿನಲ್ಲಿ ಗಾದಿ, ದಿಂಬು, ಲೋಡು ಇಷ್ಟೇ.
ಒಳಗೆ ಅರಳೆಯ ಮೂಟೆಗಳು ಎದೆಮಟ್ಟ,
ಅದರ ಮೇಲಿನ ಗೋಡೆಗೆ ಸಾಲಾಗಿ ಐದು ಗಿಟಾರು,
ತಲೆಗೆ ಬಿಳಿ ಜುಂಗು ಹತ್ತಿ
ಏಕಾಏಕಿ ಮುಪ್ಪಾದವರಂತೆ.
ಹೊನ್ನೂರಸಾಬ ನದಾಫ ಸೂಜಿ ನಿಲ್ಲಿಸದೆ
'ಬಾರಿಸ್ರಿ' ಎಂದ. ಬೆಲೆ ಹೇಳಲಿಲ್ಲ.
ಅಷ್ಟಕ್ಕೇ ಡೈರಿಯಲ್ಲಿ ಅರ್ಧ ಅಂಕ ಏರಿತು.

ಗಾದಿಗಳ ನಡುವೆ ಕೂತು ಬಾರಿಸಿದೆ.
ಅರಳೆ ಎಲ್ಲ ನುಂಗುತ್ತದೆ.
ಪ್ರತಿಧ್ವನಿ ಇಲ್ಲ, ಬೀದಿ ಇಲ್ಲ, ಹಾರನ್ ಇಲ್ಲ,
ನನ್ನ ಎಫ್ ಕೂಡ
ನಿದ್ದೆಗಣ್ಣಿನ ಮಗುವಿನಂತೆ ಒಮ್ಮೆ ಮುಲುಗಿ ಸುಮ್ಮನಾಯಿತು.

ಆರನೆಯದೊಂದು ಮೂಲೆಯಲ್ಲಿತ್ತು,
ಆಳುದ್ದ, ಹೊಟ್ಟೆ ಇಲ್ಲ, ಒಂದೇ ತಂತಿ.
'ಇದಕ್ಕೆಷ್ಟು?' ಎಂದೆ.
ಆಗ ಸೂಜಿ ನಿಂತಿತು.
'ಅದು ನಮ್ಮಪ್ಪಂದು. ಅರಳಿ ಹಿಂಜೋ ಬಿಲ್ಲು.
ಓಣಿ ಓಣಿ ಹೆಗಲ ಮ್ಯಾಲೆ ಹೊತ್ಕಂಡು ಹೋಗ್ತಿದ್ದ,
ಕೂಗ್ತಿರಲಿಲ್ಲ, ತಂತಿ ಮೀಟಿದ್ರೆ ಸಾಕು
ಹೆಂಗಸ್ರು ಹಳೇ ಗಾದಿ ಹೊರಗೆ ತರೋರು.
ಮಿಷಿನ್ ಬಂತು. ತಂತಿ ಶಬ್ದ ಇಲ್ದೆ
ನನಗ ನಿದ್ದಿ ಹತ್ತವಲ್ದು.
ಅದಕ್ಕ ಇವನ್ನ ತರಿಸ್ದೆ.'

ಬಾರಿಸಲು ಬರುತ್ತದೆಯೇ ಎಂದೆ.
'ಇಲ್ರೀ, ಯಾರಾರ ಬಂದು ಬಾರಿಸ್ತಾರ.'
ಎದ್ದು ಹೋಗಿ ಹೆಬ್ಬೆರಳಿನಿಂದ ಬಿಲ್ಲು ಮೀಟಿದ,
ಒಂದೇ ಸಲ.
ಗೋಡೆಯ ಮೇಲೆ ಎರಡನೇ ಗಿಟಾರಿನ ದಪ್ಪ ತಂತಿ
ಯಾರೂ ಮುಟ್ಟದೆ ನಡುಗಿತು,
ಅದರ ಮೈಯ ಜುಂಗು ಒಂದೆಳೆ ಕಳಚಿ
ಎತ್ತ ಹೋಗಲೆಂದು ತಿಳಿಯದೆ ಗಾಳಿಯಲ್ಲಿ ನಿಂತಿತು.

ಅಭ್ಯಾಸಬಲ, ಹೊರಡುವಾಗ ಅವನ ತಕ್ಕಡಿ ನೋಡಿದೆ.
ಗಿರಾಕಿಯ ಕಡೆಗೆ ಇಪ್ಪತ್ತು ಗ್ರಾಂ ವಾಲುತ್ತಿತ್ತು.
ಸರಿಮಾಡಲೇ ಎಂದರೆ
'ಅರಳಿಗೆ ಎಂಥಾ ತೂಕ, ಬಿಡ್ರಿ' ಎಂದ.
ಒಂದು ಜೊತೆ ತಂತಿ ಕೊಂಡೆ, ಮನೆಯ ಗಿಟಾರಿಗೆ,
ಜೊತೆಗೆ ಬೇಡದ ಒಂದು ದಿಂಬು.

ಲಾಡ್ಜಿನಲ್ಲಿ ಡೈರಿ ತೆಗೆದು ಬರೆದೆ:
ದಾವಣಗೆರೆ. ಐದು. ಶ್ರುತಿ ಸುಮಾರು, ಕೂರಲು ಮೆತ್ತಗೆ.
ಹುಡುಕಿ ಹೋಗುವವರು
ಗಿಟಾರ್ ಎಂದು ಕೇಳಬೇಡಿ.
ಗೇಟಿನ ಹತ್ತಿರ ನಿಂತು
ಒಂದು ಹಾಸಿಗೆ ಬೇಕಿತ್ತು ಅನ್ನಿ.