ಹೊನ್ನೂರಲಿ ಜೊತೆ

ಇಪ್ಪತ್ತಾರು ವರ್ಷ, ದಿನಕ್ಕೊಂದು ಸಲವಾದರೂ
ನನ್ನ ಹೆಸರು ಅವನ ಬಾಯಲ್ಲಿ ಬಂದಿದೆ.
ಹೆಂಡತಿಯೂ ಅಷ್ಟು ಸಲ ಕರೆದಿಲ್ಲ:
‘ಕ್ಯಾಮೆರಾಮನ್ ಹೊನ್ನೂರಲಿ ಜೊತೆ
ಗಾದಿಲಿಂಗಪ್ಪ, ಬಳ್ಳಾರಿ.’

ಹೆಸರು ಉದ್ದ ಆಯ್ತು, ಪಟ್ಟಿಯಲ್ಲಿ ಕೂರಲ್ಲ,
ಬರೇ ಲಿಂಗರಾಜ್ ಅಂತ ಮಾಡ್ಕೊಳ್ಳಿ ಅಂದಿದ್ದರು ಬೆಂಗಳೂರಿನ ಡೆಸ್ಕಿನವರು.
‘ಗಾದಿ ಬಿಡಾ ಮಾತು ಮಂತ್ರಿಗಳತ್ರ ಆಡ್ರಿ’ ಅಂದ.
ಅಕ್ಷರ ಸಣ್ಣ ಮಾಡಿ ಕೂರಿಸಿದರು.

ಆಗ ಓಬಿ ವ್ಯಾನು ಎಲ್ಲಿತ್ತು?
ಕ್ಯಾಸೆಟ್ಟನ್ನು ಟವೆಲಿನಲ್ಲಿ ಸುತ್ತಿ
ಹಂಪಿ ಎಕ್ಸ್‌ಪ್ರೆಸ್ಸಿನ ಟೀಸಿ ಕೈಗಿಟ್ಟು
ಪ್ಲಾಟ್‌ಫಾರ್ಮಿನಲ್ಲಿ ನಿಂತೇ ಇರುತ್ತಿದ್ದೆವು,
ಮಗಳನ್ನು ಗಂಡನ ಮನೆಗೆ ಕಳಿಸಿದವರ ಹಾಗೆ.

ಕೆಂಪು ಧೂಳು. ಲೆನ್ಸು ಒರೆಸಿ ಒರೆಸಿ
ನನ್ನ ಅಂಗಿಯ ತುದಿಗಳೆಲ್ಲ ಕಾವಿ.
ತೋರಣಗಲ್ಲಿನ ತೂಕದ ಕಟ್ಟೆಯಲ್ಲಿ
ರಾತ್ರಿಯಿಡೀ ಲಾರಿ ಎಣಿಸಿದೆವು, ಮುನ್ನೂರ ಹನ್ನೊಂದು.
ತೋರಿಸಿದ್ದು ನಲವತ್ತು ಸೆಕೆಂಡು,
ಅದೂ ಬೋರ್‌ವೆಲ್ ಪೈಪಿನ ಜಾಹೀರಾತು ಆದಮೇಲೆ.
ಮಾರನೇ ದಿನ ಕವರು ಬಂತು.
ಅಂಗೈಯಲ್ಲಿ ತೂಗಿ ನೋಡಿದ,
‘ಇದೂ ಓವರ್‌ಲೋಡು’
ಎಂದು ತಂದವನ ಜೇಬಿಗೇ ತುರುಕಿದ.

ರೆಸಾರ್ಟಿನ ಗೇಟಿನ ಮುಂದೆ ಮೂರು ದಿನ,
ಬಸ್ಸಿನ ಪರದೆ ಒಮ್ಮೆ ಸರಿದೀತೇ ಎಂದು ಕಾಯುತ್ತ
ಮಂಡಕ್ಕಿ ವಗ್ಗರಣಿ ತಿಂದಿದ್ದೇವೆ.
ಕಟ್ಟಿದ ಪೇಪರಿನಲ್ಲಿ ಒಳಗಿದ್ದವರದೇ ಫೋಟೋ,
ಎಣ್ಣೆ ಹತ್ತಿ ಪಾರದರ್ಶಕ.

‘ಸೀಟು ಸಿಗತ್ತಾ ಸರ್ ನಿಮಗೆ?’
ಐದು ಚುನಾವಣೆ, ಇದೊಂದೇ ಪ್ರಶ್ನೆ,
ಮೈಕು ಮೂತಿಗೆ ಹಿಡಿದು.

ಆಮೇಲೆ ಒಂದು ಮಧ್ಯಾಹ್ನ, ಹೊಸಪೇಟೆ ರಸ್ತೆಯ ಗೆಸ್ಟ್‌ಹೌಸು.
ಸಂದರ್ಶನ ಮುಗಿದಿತ್ತು.
‘ಹೊನ್ನೂರ, ಆಫ್ ಮಾಡು.’
ನನ್ನ ಹೆಡ್‌ಫೋನಿನಲ್ಲಿ ಅವನ ದನಿ
ಯಾವತ್ತೂ ಅಷ್ಟು ಇಳಿದಿರಲಿಲ್ಲ.
‘ಮಗಳದು ಸರ್... ಮೆಡಿಕಲ್ಲು... ಒಂದು ಸೀಟು...’
ಎದುರಿಗಿದ್ದವರು ಗೋಡಂಬಿ ತಟ್ಟೆಯನ್ನು
ಇವನ ಕಡೆಗೆ ಸರಿಸಿದರು.

ಮಗಳು ಈಗ ಸಿಂಧನೂರಲ್ಲಿ ಡಾಕ್ಟರು, ಒಳ್ಳೆಯವಳು.
ನಮ್ಮಮ್ಮಿಯ ಕಣ್ಣಿನ ಪೊರೆ ತೆಗೆಸಿಕೊಟ್ಟವಳು ಅವಳೇ,
ದುಡ್ಡು ಮುಟ್ಟಲಿಲ್ಲ.
ಪ್ರಶ್ನೆಗಳು ಮುಂದೆಯೂ ಅವೇ. ಮೈಕು ಮಾತ್ರ
ಮೂತಿಗಿಂತ ನಾಲ್ಕು ಬೆರಳು ಹಿಂದೆ ನಿಂತಿತು.
ನೋಡುವವರಿಗೆ ಗೊತ್ತಾಗಲಿಲ್ಲ.
ಫ್ರೇಮು ಸರಿ ಮಾಡಿಕೊಂಡವನು ನಾನು.

ಆವತ್ತು ನಾನು ಆಫ್ ಮಾಡಿರಲಿಲ್ಲ,
ಲೆನ್ಸಿಗೆ ಮುಚ್ಚಳ ಹಾಕಿದ್ದೆ ಅಷ್ಟೆ.
ಕೌಲ್ ಬಜಾರಿನ ನಮ್ಮ ಬೀರುವಿನಲ್ಲಿ
ನಿಕಾಹಿನ ಶೇರ್ವಾನಿ ಕೆಳಗೆ
ಹದಿನಾಲ್ಕು ಸೆಕೆಂಡಿನ ಕತ್ತಲು
ತನ್ನಷ್ಟಕ್ಕೆ ಮಾತಾಡುತ್ತ ಮಲಗಿದೆ.
ಅದನ್ನು ಓಡಿಸುವ ಯಂತ್ರವೇ
ಈಗ ಊರಲ್ಲಿ ಸಿಗುವುದಿಲ್ಲ.
ಕೇಳಿ ನೋಡಿದ್ದೇನೆ, ಎರಡು ಅಂಗಡಿಯಲ್ಲಿ.

ಮೊನ್ನೆ ಅವನ ಕೊನೆಯ ಸುದ್ದಿ. ಮೋತಿ ಸರ್ಕಲ್ಲು,
ಜೀನ್ಸಿನ ಬಂಡಲು ಹೊತ್ತ ಆಟೋಗಳು, ದೂರದಲ್ಲಿ ಗುಡ್ಡ.
‘ಕ್ಯಾಮೆರಾಮನ್ ಹೊನ್ನೂರಲಿ’
ಅಂದ. ನಿಂತ.
ಬೆಂಗಳೂರಿಂದ ಕಿವಿಯಲ್ಲಿ ಕೂಗುತ್ತಿದ್ದರು, ಟೈಮಾಯ್ತು, ಟೈಮಾಯ್ತು.
ಅವನು ಲೆನ್ಸು ಬಿಟ್ಟು ನನ್ನನ್ನು ನೋಡಿದ.
ಕೆಂಪು ದೀಪ ಉರಿಯುತ್ತಲೇ ಇತ್ತು.
‘ಜೊತೆ’ ಅಂದ.
ಊರಿನ ಹೆಸರು ಹೇಳಲು ಮರೆತ.